ಜಾಣ್ಮೆ, ಅದೃಷ್ಟ, ತಂತಿ

ಇಸ್ಪೀಟಿನಲ್ಲಿ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಎಂಬುದನ್ನು ನಮ್ಮ ದೇಶದ ನ್ಯಾಯಾಲಯಗಳು ಅರ್ಧ ಶತಮಾನಕ್ಕೂ ಮಿಕ್ಕಿ ತೂಗುತ್ತ ಬಂದಿವೆ. 1968ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕು. ಆದ್ದರಿಂದ ಅದು ಬಹುಮಟ್ಟಿಗೆ ಜಾಣ್ಮೆಯ ಆಟ ಎಂದಿತು ನ್ಯಾಯಪೀಠ. ಮೂರೆಲೆಯಾಟಕ್ಕೆ ಆ ಮರ್ಯಾದೆ ಸಿಗಲಿಲ್ಲ. ಪೋಕರಿನ ಕಥೆ ಇನ್ನೂ ಸ್ವಾರಸ್ಯದ್ದು. 2013ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಜಾಣ್ಮೆಯ ಕಡೆಗೆ ಇಟ್ಟರೆ, 2017ರಲ್ಲಿ ಗುಜರಾತ್ ಹೈಕೋರ್ಟು ಜೂಜಿನ ಕಡೆಗೆ ಇಟ್ಟಿತು. ಎರಡರ ನಡುವೆ ಮಹಾರಾಷ್ಟ್ರ. ಅದರ ಅಂಚಿನಲ್ಲಿ ನಮ್ಮ ಅಕ್ಕಲಕೋಟೆ. ಇಲ್ಲಿ ಕೂತು ಆನ್‌ಲೈನ್ ಪೋಕರ್ ಆಡಿ ನೋಡಿದವನಾಗಿ ನನ್ನದೊಂದು ನಮ್ರ ತಕರಾರಿದೆ: ನ್ಯಾಯಮೂರ್ತಿಗಳು ಇಷ್ಟೆಲ್ಲ ತೂಗುವಾಗ ತಂತಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ನಾವು ಆಡುವುದು ದುಡ್ಡಿಗಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೋಲಾಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿದ್ದವರು ಒಬ್ಬ ಪುಣೆ, ಒಬ್ಬ ಬೆಂಗಳೂರು, ಒಬ್ಬ ದುಬೈ ಎಂದು ಹಂಚಿಹೋದರು. ಊರು ಬಿಡದೆ ಉಳಿದವನು ನಾನು. ಭಾನುವಾರ ಊಟವಾದ ಮೇಲೆ ಮೊಬೈಲಿನೊಳಗಿನ ಹಸಿರು ಮೇಜಿನ ಸುತ್ತ ಎಲ್ಲರೂ ಸೇರುತ್ತೇವೆ. ಪಣಕ್ಕಿಡುವ ಚಿಪ್ಸ್ ಪುಕ್ಕಟೆ. ಖಾಲಿಯಾದರೆ ಆಪ್ ತಾನೇ ತುಂಬುತ್ತದೆ, ಅಷ್ಟು ಉದಾರಿ ಸಾವಕಾರ ನಮ್ಮ ತಾಲೂಕಿನಲ್ಲೇ ಹುಟ್ಟಿಲ್ಲ. ಗೆದ್ದವನಿಗೆ ಸಿಗುವುದು ಮುಂದಿನ ಭಾನುವಾರದವರೆಗೆ ಜಂಬ ಕೊಚ್ಚುವ ಹಕ್ಕು.

ಎಲೆ ನಮ್ಮ ಮನೆಗೆ ಹೊಸದೇನಲ್ಲ. ದೀಪಾವಳಿಯ ಪಾಡ್ಯಕ್ಕೆ ದ್ಯೂತ ಪ್ರತಿಪದೆ ಎಂಬ ಹೆಸರೂ ಇದೆ. ಅವತ್ತು ಪಾರ್ವತಿ ಶಿವನನ್ನು ಪಗಡೆಯಲ್ಲಿ ಸೋಲಿಸಿದಳೆಂಬ ಕಥೆ ಹೇಳಿ, ದೇವರ ಅಪ್ಪಣೆಯಾಯಿತೆಂಬಂತೆ, ಅಜ್ಜಿಯೇ ಪಡಸಾಲೆಯಲ್ಲಿ ಜಮಖಾನೆ ಹಾಸಿಸುತ್ತಿದ್ದಳು. ಅಪ್ಪ, ಕಾಕಾಗಳು, ದುಧನಿಯಿಂದ ಬಂದ ಮಾವ ಸುತ್ತ ಕೂಡುತ್ತಿದ್ದರು. ಇಸ್ಪಿಕ್, ಬದಾಮ್, ಕಿಲವರ್, ಚೌಕಟ್ ಎಂದು ಮರಾಠಿಯಲ್ಲಿ ಎಲೆ ಕರೆದು ಕನ್ನಡದಲ್ಲಿ ಜಗಳಾಡುತ್ತಿದ್ದರು. ಕರೆಂಟು ಹೋದರೆ ಕಂದೀಲು ಬರುತ್ತಿತ್ತು. ಆಟ ನಿಲ್ಲುತ್ತಿದ್ದದ್ದು ಅವ್ವ ಊಟಕ್ಕೆ ಕರೆದಾಗ ಮಾತ್ರ.

ಅದೇ ಆಟ ತಂತಿಯೊಳಗೆ ಹೊಕ್ಕ ಮೇಲೆ ಎಲ್ಲ ಬದಲಾಯಿತು. ದುಡ್ಡಿಟ್ಟು ಆಡುವ ಮೊದಲ ಆನ್‌ಲೈನ್ ಪೋಕರ್ ಕೈಯನ್ನು ಪ್ಲಾನೆಟ್ ಪೋಕರ್ ಎಂಬ ತಾಣ ಹಂಚಿದ್ದು 1998ರ ಜನವರಿ 1ರಂದು. ಆಗ ಅಮೆರಿಕದಲ್ಲೂ ಡಯಲಪ್ ಸಂಪರ್ಕವೇ. ಅದು ಯಾವಾಗ ಕೈ ಕೊಡುತ್ತದೋ ಹೇಳುವಂತಿರಲಿಲ್ಲ. ಆದ್ದರಿಂದ ಆರಂಭದ ತಾಣಗಳು ಒಂದು ದಯೆಯ ನಿಯಮ ಮಾಡಿದ್ದವು. ನಡುವೆ ಲೈನು ಕಡಿದುಹೋದವನ ಎಲೆಯನ್ನು ಸೋತಂತೆ ಎಣಿಸದೆ, ಅಲ್ಲಿಯವರೆಗೆ ಅವನು ಕಟ್ಟಿದ್ದಷ್ಟಕ್ಕೆ ಕೊನೆಯವರೆಗೂ ಪಾಲುದಾರನನ್ನಾಗಿ ಉಳಿಸಿಕೊಳ್ಳುವುದು. ಧರ್ಮದ ನಿಯಮವೇ, ಆದರೆ ಆಟಗಾರರು ಧರ್ಮರಾಯರಲ್ಲವಲ್ಲ. ಕೈಯಲ್ಲಿ ಅರೆಬರೆ ಎಲೆ, ಎದುರಾಳಿ ದೊಡ್ಡ ಮೊತ್ತ ಕಟ್ಟಿದ್ದಾನೆ ಎಂದಾಗ ಟೆಲಿಫೋನಿನ ವೈರನ್ನೇ ಗೋಡೆಯಿಂದ ಕಿತ್ತು ‘ಲೈನು ಹೋಯಿತು’ ಎನ್ನುವವರು ಹುಟ್ಟಿಕೊಂಡರು. ಕ್ರಮೇಣ ತಾಣಗಳು ಆ ದಯೆಯನ್ನು ಹಿಂತೆಗೆದುಕೊಂಡವು. ಈಗಿನ ನಿಯಮ ಸರಳ: ಕೆಲವು ಸೆಕೆಂಡು ಕಾಯುತ್ತಾರೆ, ನೀವು ಮರಳದಿದ್ದರೆ ನಿಮ್ಮ ಎಲೆ ಫೋಲ್ಡ್, ಅಂದರೆ ಆಟ ಬಿಟ್ಟುಕೊಟ್ಟಂತೆ. ಕೈಯಲ್ಲಿ ನಾಲ್ಕು ಎಕ್ಕಾ ಇದ್ದರೂ ಅಷ್ಟೇ.

2003ರಲ್ಲಿ ಟೆನೆಸ್ಸಿಯ ಒಬ್ಬ ಲೆಕ್ಕಿಗ, ಕ್ರಿಸ್ ಮನಿಮೇಕರ್, ಆನ್‌ಲೈನ್‌ನಲ್ಲಿ ಅರ್ಹತೆ ಗಳಿಸಿ ಲಾಸ್ ವೇಗಾಸಿಗೆ ಹೋಗಿ, 839 ಜನರ ನಡುವೆ ಪೋಕರಿನ ವಿಶ್ವ ಸರಣಿ ಗೆದ್ದು 25 ಲಕ್ಷ ಡಾಲರ್ ತಂದ. ಮನೆಯಲ್ಲಿ ಕೂತು ಕಲಿತ ಸಾಮಾನ್ಯನೊಬ್ಬ ಹೀಗೆ ಗೆದ್ದದ್ದೇ ಪೋಕರಿನ ಮಹಾ ಜಾತ್ರೆಗೆ ಕಾರಣವಾಯಿತು ಎನ್ನುತ್ತಾರೆ. ಆ ಹೊತ್ತಿಗೆ ನಾವು ಸೋಲಾಪುರದ ನವೀ ಪೇಠೆಯ ಸೈಬರ್ ಕೆಫೆಯಲ್ಲಿ ಈಮೇಲ್ ಪೆಟ್ಟಿಗೆ ತೆರೆದುಕೊಳ್ಳಲಿ ಎಂದು ಊರದೇವರು ಸಿದ್ಧರಾಮನನ್ನು ನೆನೆಯುತ್ತಿದ್ದೆವು.

ಸೋಲಾಪುರಕ್ಕೆ ಎಲ್ಲವೂ ನಮಗಿಂತ ಮೊದಲು ಬರುತ್ತದೆ. ರೈಲು ಅಲ್ಲಿಗೆ 1860ರಲ್ಲೇ ಬಂತು. ಮುಂದೆ ರಾಯಚೂರಿನ ಕಡೆ ಹೋಗುವಾಗ ನಮ್ಮೂರ ಒಳಗೆ ಬರದೆ, ದೂರದಲ್ಲಿ ‘ಅಕ್ಕಲಕೋಟ ರೋಡ್’ ಎಂಬ ನಿಲ್ದಾಣ ಮಾಡಿಕೊಂಡು ಹಾಗೇ ಹೋಯಿತು. ಇಂಟರ್‌ನೆಟ್ಟಿನದೂ ಅದೇ ಚಾಳಿ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಮಹಾನಗರಗಳಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದಾಗ ವೇಗ 9.6 ಕೆಬಿಪಿಎಸ್. ನಮ್ಮ ಮನೆಗೆ ಅದು ತಲುಪುವ ಹೊತ್ತಿಗೆ ಮೋಡೆಮ್ಮಿನ ಮೇಲೆ 56 ಎಂದು ಬರೆದಿರುತ್ತಿತ್ತು. ಫೋನಿನ ತಂತಿಯೇ ನೆಟ್ಟಿನ ತಂತಿಯೂ ಆದ್ದರಿಂದ ಒಂದು ನಡೆಯುವಾಗ ಇನ್ನೊಂದು ಬಂದ್. ಮೋಡೆಮ್ ಕೀರಲು ಧ್ವನಿಯಲ್ಲಿ ಹಾಡತೊಡಗಿದರೆ ಅಜ್ಜಿ, ‘ಯಾರಿಗರೆ ಫೋನ್ ಹಚ್ಚೋದದ ಏನ, ಈಗ ಹಚ್ಚಿ ಮುಗಸ್ರಿ’ ಎಂದು ಮನೆಯೆಲ್ಲ ಸಾರುತ್ತಿದ್ದಳು.

2004ರ ಸರ್ಕಾರಿ ನೀತಿ 256 ಕೆಬಿಪಿಎಸ್ ಮುಟ್ಟಿದ್ದನ್ನೆಲ್ಲ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಮುಂದೆ ಅದರಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲದೆ ಬಳಸಬಹುದಾದ ಯೋಜನೆಯೂ ಬಂತು. ಅಲಾರಂ ಇಟ್ಟು ಎರಡಕ್ಕೆ ಏಳುವ ತರುಣರನ್ನು ಕಂಡು, ಪರೀಕ್ಷೆಗೆ ಓದುತ್ತಾರೆಂದು ಓಣಿಯ ಹಿರಿಯರು ಮೆಚ್ಚಿಕೊಂಡರು. ಆದರೆ ಅವು ಲೋಡ್‌ಶೆಡ್ಡಿಂಗಿನ ವರ್ಷಗಳು. ಹಳೆಯ ತಾಮ್ರದ ತಂತಿಗೆ ಒಂದು ದೊಡ್ಡ ಗುಣವಿತ್ತು: ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟನ್ನು ತಾನೇ ಹೊತ್ತು ತರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿತ್ತು. ಮೋಡೆಮ್ಮಿಗೆ ಆ ಭಾಗ್ಯವಿರಲಿಲ್ಲ. ‘ನೆಟ್ ಹೋಗ್ಯದ’ ಎಂದು ದೂರು ಹೇಳಲು ಫೋನ್ ಇರುತ್ತಿತ್ತು, ನೆಟ್ ಇರುತ್ತಿರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ನೀರಿನಷ್ಟು ಅಗ್ಗವಾಯಿತು ಎಂದರು. ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಸೋಲಾಪುರದವರಿಗೆ ಈ ಹೋಲಿಕೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಪೋಕರಿಗೆ ಮೊಬೈಲ್ ಡೇಟಾ ಸಾಲದೇ ಎಂದು ಕೇಳುವವರು ಗಡಿಯಲ್ಲಿರುವ ದುಧನಿಯ ಕಡೆ ಒಮ್ಮೆ ಬಂದು ನೋಡಬೇಕು. ಗಡಿ ವಿವಾದದ ಕುರಿತ 1967ರ ಮಹಾಜನ ವರದಿ ಅಕ್ಕಲಕೋಟೆ ತಾಲೂಕು ಕರ್ನಾಟಕಕ್ಕೆ ಸೇರಬೇಕೆಂದಿತು, ಸೇರಲಿಲ್ಲ. ಟವರುಗಳು ಮಾತ್ರ ವರದಿಗೂ ಕೋರ್ಟಿಗೂ ಕಾಯುವುದಿಲ್ಲ. ಗಡಿಯ ಹಳ್ಳಿಯ ಅಂಗಳದಲ್ಲಿ ಮಹಾರಾಷ್ಟ್ರದಲ್ಲಿದ್ದ ಫೋನು ಹಿತ್ತಲಿಗೆ ಹೋದರೆ ಕರ್ನಾಟಕಕ್ಕೆ ಸೇರಿರುತ್ತದೆ. ರೋಮಿಂಗಿನಲ್ಲಿ ಬಂದ ಕರೆಗೂ ದುಡ್ಡು ಕಡಿಯುತ್ತಿದ್ದ ಕಾಲದಲ್ಲಿ ನಮ್ಮ ಮಾವ ಹಿತ್ತಲಲ್ಲಿ ಫೋನ್ ಎತ್ತುತ್ತಲೇ ಇರಲಿಲ್ಲ. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ಆ ಶುಲ್ಕ ತೆಗೆದ ಮೇಲೆ ಅವರು ಹಿತ್ತಲಿಗೆ ಮರಳಿದರು. ಆದರೆ ಟವರಿನಿಂದ ಟವರಿಗೆ ಹಾರುವ ಆ ಕ್ಷಣಾರ್ಧ ಇದೆಯಲ್ಲ, ಪೋಕರಿನಲ್ಲಿ ಅಷ್ಟರಲ್ಲೇ ಸರತಿ ಕಳೆದುಹೋಗುತ್ತದೆ.

ಹೀಗೆ ಮನೆಗೆ ಫೈಬರ್ ಹಾಕಿಸುವ ಯೋಗ ಬಂತು. ಮಾರಲು ಬಂದವರೆಲ್ಲ ಹೇಳಿದ್ದು ವೇಗವನ್ನೇ: ಒಬ್ಬರು ನೂರು ಎಂಬಿಪಿಎಸ್ ಎಂದರೆ ಇನ್ನೊಬ್ಬರು ಇನ್ನೂರು. ಪೋಕರಿನ ಒಂದು ಕೈ ಆಟಕ್ಕೆ ಬೇಕಾದ ಡೇಟಾ ಒಂದು ‘ಶುಭೋದಯ’ದ ಚಿತ್ರಕ್ಕಿಂತ ಕಡಿಮೆ. ಡಯಲಪ್ಪಿನಲ್ಲೇ ನಡೆದ ಆಟ ಅದು; 399 ರೂಪಾಯಿಯ 30 ಎಂಬಿಪಿಎಸ್ಸೇ ಅದಕ್ಕೆ ರಾಜಭೋಗ. ಜಾಹೀರಾತಿನ 399 ಜಿಎಸ್‌ಟಿ ಸೇರಿ 470 ದಾಟುತ್ತದೆ ಎಂಬುದನ್ನಷ್ಟೇ ನೆನಪಿಡಬೇಕು. ಬೇಕಾದದ್ದು ಬೇರೆ: ಇಲ್ಲಿಂದ ಹೋದ ಸುದ್ದಿ ತಡವಿಲ್ಲದೆ ಮರಳಬೇಕು, ದಾರಿಯಲ್ಲಿ ಕಳೆದುಹೋಗಬಾರದು, ಮತ್ತು ಇದು ರಾತ್ರಿ ಒಂಬತ್ತಕ್ಕೆ, ಓಣಿಗೆ ಓಣಿಯೇ ಧಾರಾವಾಹಿ ನೋಡುವ ಹೊತ್ತಿನಲ್ಲಿ, ನಡೆಯಬೇಕು. ಮಧ್ಯಾಹ್ನದ ಸ್ಪೀಡ್ ಟೆಸ್ಟಿನಲ್ಲಿ ಇದೊಂದೂ ಕಾಣುವುದಿಲ್ಲ.

ಇನ್ನು ಕಬ್ಬಿನ ಹಂಗಾಮು. ಸಕ್ಕರೆ ಕಾರ್ಖಾನೆಗಳ ಜಿಲ್ಲೆ ನಮ್ಮದು. ದೀಪಾವಳಿ ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು, ಆಳೆತ್ತರದ ಮೇಲೆ ಇನ್ನೊಂದಾಳೆತ್ತರ ಕಬ್ಬು ಹೇರಿಕೊಂಡು ಹೊರಡುತ್ತವೆ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಫೈಬರು ಆ ಕಬ್ಬಿನ ತುದಿಗೆ ಸಿಕ್ಕಿ ಕಾರ್ಖಾನೆಯ ದಾರಿ ಹಿಡಿಯುತ್ತದೆ. ಮನೆಯ ನೆಟ್ಟಿನ ಡಬ್ಬಿಯಲ್ಲಿ ಲಾಲ್ ಲೈಟು. ಪುಣೆಯ ಗೆಳೆಯನಿಗೆ, ‘ಕಬ್ಬು ಬಂತು, ಅದಕ್ಕ ಫೋಲ್ಡ್ ಆತು’ ಎಂದರೆ ನಗುತ್ತಾನೆ. ಅವನೂ ನಮ್ಮ ತಾಲೂಕಿನ ಕರಜಗಿಯವನೇ, ಮರೆತಿದ್ದಾನೆ.

ಕೊನೆಗೆ ನಾನು ಕಂಪನಿ ನೋಡದೆ ಕಂಬ ಹತ್ತುವವನನ್ನು ನೋಡಿ ಲೈನು ಹಾಕಿಸಿದೆ. ನಮ್ಮ ಓಣಿಯ ಹುಡುಗ. ಕಾಲ್ ಸೆಂಟರಿನವರು ಹಿಂದಿಯಲ್ಲಿ ದೂರಿನ ನಂಬರು ಕೊಡುತ್ತಾರೆ. ಇವನು ಮಾತ್ರ, ‘ಕಾಕಾ, ಲಾಲ್ ಲೈಟ್ ಹತ್ತೇದೇನ್ರಿ? ನಿಲ್ರಿ, ಬಂದೆ’ ಎನ್ನುತ್ತಾನೆ, ಬರುತ್ತಾನೆ. ಕೂದಲಿನಷ್ಟು ಸಣ್ಣ ಗಾಜಿನ ಎರಡು ತುದಿಗಳನ್ನು ಮಷಿನ್ನಿನಲ್ಲಿಟ್ಟು ಬೆಸೆದು ಹೋಗುತ್ತಾನೆ. ಗಾಜಿನ ತಂತಿ ತಾಮ್ರದಂತೆ ಕರೆಂಟು ಹೊತ್ತು ತರುವುದಿಲ್ಲವಾದ್ದರಿಂದ ಡಬ್ಬಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಚ್ಚಿಸಿದವನೂ ಅವನೇ.

ಇಷ್ಟು ಗಟ್ಟಿ ಲೈನು ಸಿಕ್ಕ ಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನದಲ್ಲಿ ಮಸೂದೆ ಪಾಸು ಮಾಡಿ, 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದು, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ನಿಷೇಧವಾದವು. ಜಾಣ್ಮೆಯೋ ಅದೃಷ್ಟವೋ, ಎರಡೂ ಕೂಡಿದ್ದೋ, ಎಲ್ಲವೂ ಒಂದೇ ಎಂದಿತು ಕಾಯ್ದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಆಡುವವರಿಗೆ ಶಿಕ್ಷೆಯಿಲ್ಲ. ಸಾಲದಲ್ಲಿ ಮುಳುಗಿದ ಹುಡುಗರ ಸುದ್ದಿ ಓದಿದವರು ಯಾರೂ ಇದಕ್ಕೆ ಕಣ್ಣೀರು ಹಾಕಲಿಲ್ಲ. ನಮ್ಮ ಪುಕ್ಕಟೆ ಚಿಪ್ಸಿನ ಮೇಜು ಹಾಗೇ ಉಳಿಯಿತು.

ಉಳಿದದ್ದು ಒಂದೇ ತೊಂದರೆ. ಈಗ ಕರೆಂಟು ಹೋದರೂ ನೆಟ್ ಇರುತ್ತದೆ, ಕಬ್ಬು ಲೈನು ಕಡಿದರೂ ಹುಡುಗ ಬರುತ್ತಾನೆ, ಸರತಿ ತಪ್ಪುವುದಿಲ್ಲ. ಆದರೂ ಭಾನುವಾರದ ಲೆಕ್ಕದಲ್ಲಿ ನಾನೇ ಕೊನೆಯವನು. ಮೊದಲಾದರೆ ತಂತಿಯ ಮೇಲೆ ಹಾಕಬಹುದಿತ್ತು. ಹೀಗೆ ಸೋತು ಮೊಬೈಲು ಕೆಳಗಿಟ್ಟಾಗ ಮನೆಯವಳು ಹಾಲಿಗೆ ಹೆಪ್ಪು ಹಾಕುತ್ತ ಅಂದಳು: ‘ಆ ಹಳೇ ಲೈನೇ ಹಾಕಸ್ರಿ. ತಿಂಗಳಿಗೆ ನೂರಾರು ರೂಪಾಯಿನೂ ಉಳೀತದ, ಮಾನನೂ ಉಳೀತದ.’