ಹೊಲದ ಲೆಕ್ಕ, ಭಾಗ 6: ಐನೂರು ರೂಪಾಯಿ ಅಡ್ವಾನ್ಸು

ಮೊನ್ನೆ ರಾತ್ರಿ ಓದೋದು ಬಿಟ್ಟು ರೀಲ್ಸ್ ನೋಡ್ತಾ ಕೂತಿದ್ದೆ. (ನೀವೂ ಅದನ್ನೇ ಮಾಡ್ತಿರೋದು, ನನ್ನ ಬೈಬೇಡಿ.) ಇಂಗ್ಲೆಂಡಿನ ಒಬ್ಬ ರೈತ ದೊಡ್ಡ ಬೂಟು ಹಾಕ್ಕೊಂಡು ಹೊಲದ ಮಧ್ಯೆ ನಿಂತಿದ್ದ. ಅಲ್ಲಿ ಗೋಧಿನ ಚಳಿಗಾಲಕ್ಕೆ ಮುಂಚೆ ಬಿತ್ತಿಬಿಡ್ತಾರೆ. ಅವನದ್ದು ಮಳೆ ಬಿಡದೆ ತಡ ಆಗಿತ್ತು. ಪಕ್ಕದಲ್ಲಿ ಮನೆಯಷ್ಟು ದೊಡ್ಡ ಬಿತ್ತನೆ ಮಷೀನು ಸುಮ್ನೆ ನಿಂತಿತ್ತು. ಅವನು ಬಗ್ಗಿ ಒಂದು ಹಿಡಿ ಮಣ್ಣು ತಗೊಂಡ, ಮುಷ್ಟೀಲಿ ಅಮುಕಿ ಉಂಡೆ ಮಾಡ್ದ, ಕೆಳಗೆ ಬಿಟ್ಟ. ಉಂಡೆ ಒಡೀಲಿಲ್ಲ, ಚಪ್ಪಟೆ ಆಯ್ತು. ತಲೆ ಅಲ್ಲಾಡಿಸ್ಕೊಂಡು ವಾಪಸ್ ಹೋದ. ಅಷ್ಟೇ ವಿಡಿಯೋ.

ಹುಡುಕಿ ನೋಡಿದ್ರೆ, 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗಿನ 18 ತಿಂಗಳು ಇಂಗ್ಲೆಂಡಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಬಿದ್ದ 18 ತಿಂಗಳಂತೆ. ಆದ್ರೆ ನಂಗೆ ನಿದ್ದೆ ಬರದೆ ಇದ್ದದ್ದು ಅದಕ್ಕಲ್ಲ. ಆ ಮಣ್ಣಿನ ಉಂಡೆ. ನಮ್ಮ ತಾತ ಮಾಡೋದೂ ಅದನ್ನೇ.

ಹೊಸದಾಗಿ ಫಾಲೋ ಮಾಡಿದವರಿಗೆ: ಓದೋದು ಮಂಡ್ಯದಲ್ಲಿ, ಬಿಕಾಂ ಕೊನೇ ವರ್ಷ. ಊರು ಮಳವಳ್ಳಿ ತಾಲೂಕು, ಹಲಗೂರು ಕಡೆ. ಮಂಡ್ಯ ಅಂದ ತಕ್ಷಣ ಎಲ್ರೂ ಕೆಆರ್‌ಎಸ್ ನೀರು, ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ ಅಂತೀರ. ಮದ್ದೂರಲ್ಲಿ ಬಸ್ಸು ಹತ್ತಿ ಕೆ.ಎಂ. ದೊಡ್ಡಿ ದಾಟೋವರೆಗೂ ಕಿಟಕೀಲಿ ಅದೇ ಕಾಣೋದು, ನಿಜ. ಆದ್ರೆ ನಮ್ಮ ಹೊಲಕ್ಕೆ ನಾಲೆ ಇಲ್ಲ. ಕೆಂಪು ಮಣ್ಣು, ಆಕಾಶ, ರಾಗಿ. ಒಟ್ಟು ಒಂದೂವರೆ ಎಕರೆ: ಮೇಲಿನ ಹೊಲ ಒಂದು, ಕೆಳಗಿನ ಹೊಲ ಅರ್ಧ.

ರಾಗಿ ಬಿತ್ತೋಕೆ ನಮ್ಮಲ್ಲಿ ಕೂರಿಗೆ. ಬಟ್ಟಲಿಗೆ ಕಾಳು ಬಿಡ್ತಾ ಹೋದ್ರೆ ಬಿದಿರಿನ ಕೊಳವೆಗಳಲ್ಲಿ ಇಳಿದು ಸಾಲು ಸಾಲಾಗಿ ಬೀಳುತ್ತೆ. ಈಗ ಟ್ರ್ಯಾಕ್ಟರ್ ಕೂರಿಗೆನೂ ಬಂದಿದೆ. ಯಾವುದಾದ್ರೂ ಸರಿ, ಕಾಳು ಒಂದು ಇಂಚಿಗಿಂತ ಜಾಸ್ತಿ ಕೆಳಗೆ ಹೋಗಬಾರದು. ಸಾವಿರ ರಾಗಿ ಕಾಳು ತೂಗಿದ್ರೆ ಮೂರು ಗ್ರಾಂ ಹತ್ರ. ಸಾವಿರ ಗೋಧಿ ಕಾಳು ನಲವತ್ತು ಗ್ರಾಂ ಇರುತ್ತೆ. ಅಂಥ ಸಣ್ಣ ಕಾಳಿನ ಹೊಟ್ಟೇಲಿ ಎಷ್ಟು ಊಟ ಇರುತ್ತೆ ಹೇಳಿ? ಮೇಲೆ ಮಣ್ಣು ಗಟ್ಟಿ ಕೂತ್ರೆ ತಳ್ಕೊಂಡು ಬರೋ ಶಕ್ತಿ ಅದಕ್ಕಿಲ್ಲ.

ಇನ್ನೊಂದು, ತಡ ಆದಷ್ಟೂ ತಳಿ ಬದಲಾಗುತ್ತೆ. ಜೂನ್-ಜುಲೈ ಆದ್ರೆ ಎಂಆರ್-6 ಥರದ ದೀರ್ಘಾವಧಿ ತಳಿ, ಆಮೇಲೆ ಜಿಪಿಯು-28, ಆಗಸ್ಟ್ ದಾಟ್ತಿದ್ರೆ ಜಿಪಿಯು-48 ಥರ ನೂರು ದಿನದೊಳಗೆ ಕೈಗೆ ಬರೋದು. (ಮಂಡ್ಯದಲ್ಲಿದ್ದು ಇದು ಗೊತ್ತಿಲ್ಲ ಅಂದ್ರೆ ನಾಚಿಕೆ: ನಮ್ಮ ವಿ.ಸಿ. ಫಾರ್ಮ್‌ನಲ್ಲೇ ‘ರಾಗಿ ಲಕ್ಷ್ಮಣಯ್ಯ’ನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನ ತಂದದ್ದು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’.)

ಸರಿ, ಈಗ ನನ್ನ ಕಥೆ. 2022. ನಾನು ಸೆಕೆಂಡ್ ಪಿಯು. “ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು” ಅಂತಾರಲ್ಲ, ಆ ವರ್ಷ ಮಗ ಎದ್ದೇಳಲೇ ಇಲ್ಲ. ಆಗಸ್ಟ್ ಕೊನೇಲಿ ರಾಮನಗರದ ಹತ್ರ ಬೆಂಗಳೂರು-ಮೈಸೂರು ಹೈವೇ ಮೇಲೇ ನೀರು ನಿಂತಿತ್ತು, ಬಸ್ಸು ಕಾರು ಮುಳುಗಿದ ವಿಡಿಯೋ ನೀವೂ ಸ್ಟೇಟಸ್ ಹಾಕಿರ್ತೀರ. ನಮ್ಮ ಹೊಲ ಉತ್ತು ಇಟ್ಟದ್ದು ಹಂಗೇ ಇತ್ತು. ಗಣೇಶನ ಹಬ್ಬ ಮುಗಿದು ಎರಡು ದಿನ ಬಿಸಿಲು ಬಂತು. ಮೇಲ್ಮಣ್ಣು ಬಿಳಿಚ್ಕೊಂಡು ಒಣಗಿದ ಹಂಗೆ ಕಾಣ್ತಿತ್ತು.

ತಾತ ಹೋಗಿ ಕಾಲಿಂದ ಕೆದಕಿ, ಕೆಳಗಿನ ಮಣ್ಣು ತೆಗೆದು ಉಂಡೆ ಮಾಡಿ ಬಿಟ್ರು. ಚಪ್ಪಟೆ.

“ನೆಲ ಇನ್ನೂ ಹದಕ್ಕೆ ಬಂದಿಲ್ಲ ಕಣವ್ವ. ಇನ್ನೊಂದು ವಾರ ತಡ್ಕೊ.”

ನಾನು ಫೋನ್ ತೆಗ್ದೆ. ಸೆಪ್ಟೆಂಬರ್ ಮೊದಲ ವಾರ ದಾಟಿದ್ರೆ ರಾಗಿ ಬಿತ್ತಬಾರದು ಅಂತ ಎಲ್ಲೋ ಓದಿದ್ದೆ, ತೋರಿಸ್ದೆ. ಅದಕ್ಕಿಂತ ದೊಡ್ಡ ವಾದ ಇನ್ನೊಂದಿತ್ತು: ಅಪ್ಪ ಟ್ರ್ಯಾಕ್ಟರ್‌ನವರಿಗೆ ಐನೂರು ರೂಪಾಯಿ ಅಡ್ವಾನ್ಸ್ ಕೊಟ್ಟಿದ್ರು. ಶನಿವಾರ ಬಿಟ್ರೆ ಅವರು ಬೇರೆ ಊರಿಗೆ ಹೋಗ್ತಿದ್ರು, ದುಡ್ಡು ವಾಪಸ್ ಇಲ್ಲ. ಅಪ್ಪ ಒಂದ್ಸಲ ತಾತನ ಮುಖ ನೋಡಿದ್ರು, ಒಂದ್ಸಲ ನನ್ನ ಮುಖ. ಕಾಮರ್ಸ್ ಓದೋ ಮಗಳು, ಲೆಕ್ಕ ಗೊತ್ತು ಅಂತ ಅವರಿಗೊಂದು ನಂಬಿಕೆ. “ನೀನೇ ಫೋನ್ ಮಾಡು” ಅಂದ್ರು. ಮಾಡ್ದೆ.

ಮೇಲಿನ ಹೊಲಕ್ಕೆ ಟ್ರ್ಯಾಕ್ಟರ್ ಇಳೀತು. ಕೆಳಗಿನ ಅರ್ಧ ಎಕರೆಗೆ ಬರ್ದಂಗೆ ತಾತ ಬದಿನ ಮೇಲೆ ಕೂತ್ಕೊಂಡ್ರು. ಜಗಳ ಇಲ್ಲ, ಏನಿಲ್ಲ. ಸುಮ್ನೆ ಕೂತ್ರು.

ಹಸಿ ನೆಲದಲ್ಲಿ ಬಿತ್ತಿದ್ರೆ ಏನಾಗುತ್ತೆ ಅಂತ ನಾನು ಎಂಟೇ ದಿನದಲ್ಲಿ ಕಲಿತೆ. ಕೊಳವೆ ಬಾಯಿಗೆ ಮಣ್ಣು ಮೆತ್ಕೊಂಡು ಕಟ್ಟುತ್ತೆ. ಎತ್ತಿನ ಕೂರಿಗೆ ಆದ್ರೆ ಕಾಳು ಬಿಡೋರು ಹಿಂದೇನೇ ನಡೀತಿರ್ತಾರೆ, ಗೊತ್ತಾಗುತ್ತೆ. ಟ್ರ್ಯಾಕ್ಟರ್ ಓಡಿಸೋರು ಮುಂದೆ ನೋಡ್ತಿರ್ತಾರೆ. ನಮ್ಮ ಹೊಲದಲ್ಲಿ ಒಂಬತ್ತರಲ್ಲಿ ಮೂರು ಸಾಲು ಉದ್ದಕ್ಕೂ ಖಾಲಿ ಹೋಗಿತ್ತು. ಚಕ್ರ ಹರಿದ ಕಡೆ ಮಣ್ಣು ಅಮುಕ್ಕೊಂಡು ಗಾಳಿ ಆಡೋ ಸಂದೇ ಇಲ್ಲ. ಬೀಜಕ್ಕೂ ಉಸಿರಾಟ ಬೇಕು ಅನ್ನೋದು ಬಯಾಲಜಿ ತಗೊಂಡವರಿಗೆ ಗೊತ್ತಿರಬಹುದು, ನಂಗೆ ಹೊಳೆದಿರಲಿಲ್ಲ. ಅದರ ಮೇಲೆ ಇನ್ನೊಂದು ಮಳೆ ಬಿತ್ತು, ಆಮೇಲೆ ಬಿಸಿಲು. ಕೆಂಪು ಮಣ್ಣು ರೊಟ್ಟಿ ಥರ ಹೆಪ್ಪು ಕಟ್ತು. ಉಗುರಲ್ಲಿ ಎಬ್ಬಿಸಿದ್ರೆ ಕೆಳಗೆ ಬೆಳ್ಳಗೆ ಮುರುಟಿಕೊಂಡಿರೋ ಮೊಳಕೆ. ಅದನ್ನ ನೋಡಿದ್ದು ಮರೆಯಕ್ಕಾಗಲ್ಲ.

ಕೆಳಗಿನ ಹೊಲಕ್ಕೆ ತಾತ ಒಂಬತ್ತು ದಿನ ಆದ್ಮೇಲೆ ಪಕ್ಕದ ಮನೆಯವರ ಎತ್ತು ಕೇಳ್ಕೊಂಡು ಬಂದು ಕೂರಿಗೆಲೇ ಬಿತ್ತಿದ್ರು. ಐದನೇ ದಿನಕ್ಕೆ ಸಾಲು ಎಣಿಸೋ ಹಂಗೆ ಬಂತು. ಹಂಗಂತ ಬಂಪರ್ ಏನಲ್ಲ. ತಡ ಆದ ರಾಗಿ ತೆಂಡೆ ಕಮ್ಮಿ ಒಡೆಯುತ್ತೆ, ತೆನೆನೂ ಚಿಕ್ಕದು. ತಡ ಆದದ್ದಕ್ಕೆ ದಂಡ ಕಟ್ಟಲೇಬೇಕು, ತಾತನೂ ಕಟ್ಟಿದ್ರು. ಡಿಸೆಂಬರಲ್ಲಿ ಮಾಂಡೌಸ್ ಚಂಡಮಾರುತದ ಸೋನೆ ಬೇರೆ, ಕೊಯ್ಲು ಮುಂದಕ್ಕೆ ಹೋಯ್ತು. ಕೊನೆಗೆ ಮೇಲಿನ ಒಂದು ಎಕರೆಯಲ್ಲಿ ನಾಲ್ಕೂವರೆ ಕ್ವಿಂಟಾಲ್, ಕೆಳಗಿನ ಅರ್ಧದಲ್ಲಿ ಮೂರೂವರೆ.

ಬಿಕಾಂ ಸೇರಿದ ಮೇಲೆ ಕ್ಲಾಸಲ್ಲಿ ‘ಸಂಕ್ ಕಾಸ್ಟ್’ ಬಂತು. ಮುಳುಗಿ ಹೋದ ಖರ್ಚು, ಮುಂದಿನ ತೀರ್ಮಾನಕ್ಕೆ ಅದನ್ನ ತರಬಾರದು. ಎಲ್ರೂ ಸಿನಿಮಾ ಟಿಕೆಟ್ ಉದಾಹರಣೆ ಬರ್ಕೊಳ್ತಿದ್ರು, ನಾನು ಐನೂರು ರೂಪಾಯಿ ಅಂತ ಬರ್ಕೊಂಡೆ. 2022-23ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ ₹3,578. ಕೆಳಗಿನ ಹೊಲದ ಲೆಕ್ಕದಲ್ಲಿ ಮೇಲೆ ಏಳು ಕ್ವಿಂಟಾಲ್ ಬರಬೇಕಿತ್ತು. ಕಮ್ಮಿ ಬಂದ ಎರಡೂವರೆಗೆ ₹8,945. ಮೇಲಿನ ಮಣ್ಣು ಸ್ವಲ್ಪ ತೆಳು, ಆದ್ರಿಂದ ಲೆಕ್ಕ ಇಷ್ಟು ಸಲೀಸಲ್ಲ. ನಾವು ಮಾರಲೂ ಇಲ್ಲ, ಮುದ್ದೆ ಮಾಡ್ಕೊಂಡು ತಿಂದ್ವಿ. ಆದ್ರೂ ಅದನ್ನೇ ಒಂದು ಅಸೈನ್‌ಮೆಂಟ್ ಮಾಡಿ ಕೊಟ್ಟೆ, ಒಳ್ಳೇ ಮಾರ್ಕ್ಸೂ ಬಂತು.

ಆಮೇಲೆ ಬೆಂಬಲ ಬೆಲೆ ಹೆಂಗೆ ಲೆಕ್ಕ ಹಾಕ್ತಾರೆ ಅಂತ ಓದ್ತಿದ್ದೆ. ‘ಎ2 ಪ್ಲಸ್ ಎಫ್‌ಎಲ್’ ಅಂತ ಒಂದು ಸೂತ್ರ. ಎ2 ಅಂದ್ರೆ ರೈತರ ಕೈಯಿಂದ ಹೋದ ಖರ್ಚು: ಬೀಜ, ಗೊಬ್ಬರ, ಬಾಡಿಗೆ, ಕೂಲಿ. ಎಫ್‌ಎಲ್ ಅಂದ್ರೆ ಮನೆಯವರದೇ ದುಡಿಮೆ, ಅದಕ್ಕೂ ಬೆಲೆ ಕಟ್ಟಬೇಕು. ನನ್ನ ಅಸೈನ್‌ಮೆಂಟ್ ತೆಗೆದು ನೋಡ್ಕೊಂಡೆ. ಆ ಕಾಲಮ್ಮೇ ಇಲ್ಲ.

ಯಾಕೆ ಹೇಳ್ತಿದೀನಿ ಅಂದ್ರೆ, ಮೇಲಿನ ಹೊಲದಲ್ಲಿ ಆ ನಾಲ್ಕೂವರೆ ಆದ್ರೂ ಬಂದದ್ದು ನಮ್ಮಮ್ಮ ಮತ್ತು ಚಿಕ್ಕಮ್ಮನಿಂದ. ದಟ್ಟ ಬಂದ ಕಡೆಯಿಂದ ಪೈರು ಕಿತ್ತು, ಖಾಲಿ ಸಾಲಿಗೆ ಒಂದೊಂದೇ ನೆಟ್ರು. ನಾಲ್ಕು ದಿನ, ಜಡಿ ಮಳೇಲಿ, ತಲೆ ಮೇಲೆ ಗೊಬ್ಬರದ ಚೀಲ ಕೊಪ್ಪೆ ಹಾಕ್ಕೊಂಡು, ಸೊಂಟ ಬಗ್ಗಿಸಿ. ನಾನು ಟೆಸ್ಟ್ ಇದೆ ಅಂತ ಒಳಗೆ ಓದ್ತಿದ್ದೆ. ರಾತ್ರಿ ಅಮ್ಮ ಸೊಂಟಕ್ಕೆ ಬಿಸಿ ನೀರು ಹಾಕ್ಕೊಂಡು ಬಂದು “ಊಟ ಮಾಡಿದ್ಯಾ” ಅಂತ ಕೇಳೋರು. ಯಾರು ಫೋನ್ ಮಾಡಿ ಟ್ರ್ಯಾಕ್ಟರ್ ಕರೆಸಿದ್ದು ಅಂತ ಒಂದು ದಿನ ಎತ್ತಲಿಲ್ಲ. ತಾತನೂ ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು.

2025-26ರಲ್ಲಿ ಬೆಂಬಲ ಬೆಲೆ ₹4,886 ಆಗಿತ್ತು. ನಮ್ಮ ಕಡೆ ಮತ್ತೆ ಬಿತ್ತನೆ ತಡ, ಮತ್ತೆ ಹಸಿ. ಇವತ್ತು ಬೆಳಿಗ್ಗೆ ಅಪ್ಪ ವಾಟ್ಸಾಪಲ್ಲಿ ಮಣ್ಣಿನ ಉಂಡೆ ಫೋಟೋ ಕಳಿಸಿ “ಏನಂತೀಯ?” ಅಂತ ಕೇಳಿದಾರೆ. ಮೂರನೇ ಸ್ಲೈಡ್‌ನಲ್ಲಿ ಹಾಕಿದೀನಿ ನೋಡಿ. ಪಕ್ಕದಲ್ಲಿರೋ ಕೈ ತಾತಂದು. ಝೂಮ್ ಮಾಡಿ ಮಾಡಿ ನೋಡ್ದೆ, ನಂಗೆ ಗೊತ್ತಾಗ್ಲಿಲ್ಲ. “ತಾತನ್ನ ಕೇಳಿ, ಶನಿವಾರ ನಾನೂ ಬರ್ತೀನಿ” ಅಂತ ಕಳ್ಸಿದೀನಿ.

ನಿಮ್ಮ ಕಡೆ ಹದ ಹೆಂಗೆ ನೋಡ್ತಾರೆ? ಮನೇಲಿ ಕೇಳ್ಕೊಂಡು ಬಂದು ಕಾಮೆಂಟಲ್ಲಿ ಹಾಕಿ. ಗೂಗಲ್ ಮಾಡಿ ಹಾಕ್ಬೇಡಿ.