ಮೂರು ಚಕ್ಕೆ

ಬೆಲೆಯನ್ನು ನಾವು ಕಟ್ಟುತ್ತೇವೆ, ದನ ಕಟ್ಟಿದ ಹಾಗೆ. ಗೂಟ ಗಟ್ಟಿಯಿದ್ದರೆ ನಿಂತೀತು. ಇಲ್ಲವಾದರೆ ಹಗ್ಗ ಬಿಚ್ಚಿಕೊಂಡು ಯಾರದೋ ಹೊಲಕ್ಕೆ ನುಗ್ಗೀತು. ಬರ್ಮಿಂಗ್‌ಹ್ಯಾಮಿನ ಹರಾಜು ಕೋಣೆಯೊಂದರಲ್ಲಿ, ಜಿಟಿಜಿಟಿ ಮಳೆಯ ಮಧ್ಯಾಹ್ನ, ಹಳೆಯ ಏರ್ ರೈಫಲ್ ಒಂದನ್ನು ಕೈಯಲ್ಲಿ ಹಿಡಿದಾಗ ಹಾಗನ್ನಿಸಿತು. ಕೂಗುವುದು ನಾಳೆ. ಇವತ್ತು ನೋಡುವ, ಮುಟ್ಟುವ ದಿನ. ಅವಸರವಿಲ್ಲದವರಿಗೆ ಇದೇ ಒಳ್ಳೆಯ ದಿನ. ಬನ್ನಿ, ನೀವೂ ಹಿಡಿದು ನೋಡಿ.

ಇದು ಬಿ.ಎಸ್.ಎ. ಏರ್‌ಸ್ಪೋರ್ಟರ್, 1948ರಲ್ಲಿ ಬಂದ ಮಾದರಿ. ನಳಿಗೆಯ ಕೆಳಗಿನ ಸನ್ನೆ ಮರದೊಳಗೇ ಅಡಗಿ ಕೂತಿರುತ್ತದೆ. ಅದನ್ನು ಕೆಳಗೆಳೆದರೆ ಒಳಗಿನ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಕುದುರೆ ಎಳೆದರೆ ಸ್ಪ್ರಿಂಗ್ ಚಿಮ್ಮಿ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ಹಿಂಡುತ್ತದೆ, ಗಾಳಿ ಸೀಸದ ಗುಂಡನ್ನು ನೂಕುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ, ಒಂದು ದೊಡ್ಡ ನಿಟ್ಟುಸಿರು, ಅಷ್ಟೇ.

ಬಿ.ಎಸ್.ಎ. ಎಂದರೆ ನಮ್ಮೂರಿನಲ್ಲಿ ಸೈಕಲ್. ಮದ್ರಾಸಿನ ಕಾರ್ಖಾನೆಯಿಂದ ಬಂದದ್ದು. ಸೀಟು ಎಟುಕದೆ ಒಳಪೆಡಲ್ ತುಳಿದೇ ಅದನ್ನು ಕಲಿತೆ. ಆ ಮೂರಕ್ಷರ ‘ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್’ ಎಂದು, 1861ರಲ್ಲಿ ಇದೇ ಊರಿನ ಕೋವಿ ಮಾಡುವವರು ಕೂಡಿ ಕಟ್ಟಿದ ಕಂಪನಿಯದೆಂದು ತಿಳಿದದ್ದು ಬಹಳ ತಡವಾಗಿ. ಒಂದಕ್ಕೊಂದು ಒರಗಿ ನಿಂತ ಮೂರು ಬಂದೂಕು ಅದರ ಲಾಂಛನ. ಬಾಲ್ಯದ ಸೈಕಲ್ಲಿನ ತವರುಮನೆಗೆ ಬಂದ ಹಾಗಾಯಿತು ನನಗೆ.

ಪಕ್ಕದಲ್ಲಿ ಒಬ್ಬ ಹಿರಿಯರು ಅದೇ ಬಂದೂಕನ್ನು ನೋಡುತ್ತಿದ್ದರು. ಅವರದು ಬೆಲೆಗಣ್ಣು. ಮೊದಲು ತಿರುಪುಗಳ ತಲೆ ನೋಡಿದರು: ಅವುಗಳ ಸೀಳು ಸವೆದಿದ್ದರೆ ಅರೆಬರೆ ಬಲ್ಲವರು ಬಿಚ್ಚಿದ್ದಾರೆಂದು ಅರ್ಥ. ಆಮೇಲೆ ಉಕ್ಕಿನ ಮೇಲೆ ಒತ್ತಿದ ಅಕ್ಷರಗಳ ಅಂಚು: ಮಾಸಿದ್ದರೆ ಯಾರೋ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ. ಆಮೇಲೆ ಮರ ಮತ್ತು ಕಬ್ಬಿಣ ಕೂಡುವ ಗೆರೆ: ತುಕ್ಕು ಅವಿತುಕೊಳ್ಳುವ ಜಾಗ ಅದು. ಕೊನೆಗೆ ಅಕ್ರೋಟು ಮರದ ಎಳೆ ಎಲ್ಲಿ ಸುತ್ತಿ ಸುರುಳಿಯಾಗಿದೆಯೆಂದು ಬೆರಳಾಡಿಸಿದರು.

ಆ ಬೆರಳನ್ನು ನಾನು ಬಲ್ಲೆ. ದನದ ಜಾತ್ರೆಯಲ್ಲಿ ನಮ್ಮ ತಾತ ಹೋರಿಯ ಮೈಮೇಲಿನ ಸುಳಿ ನೋಡುತ್ತಿದ್ದುದು ಹೀಗೆಯೇ. ಹಲ್ಲು ನೋಡಿ, ಗೊರಸು ನೋಡಿ, ಸುಳಿ ನೋಡಿ, ಆಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಹೋರಿಗೂ ಸುಳಿ, ಮರಕ್ಕೂ ಸುಳಿ. ಕನ್ನಡ ಎರಡಕ್ಕೂ ಒಂದೇ ಮಾತು ಕೊಟ್ಟಿರುವುದು ಎಷ್ಟು ಚೆನ್ನ!

ಹಿರಿಯರ ಕೈ ಬಂದೂಕಿನ ಬುಡಕ್ಕೆ ಬಂದು ನಿಂತಿತು. ಭುಜಕ್ಕೊರಗುವ ಆ ತುದಿಗೆ ಯಾರೋ ಮೂರು ಚಕ್ಕೆ ಮರ ಸೇರಿಸಿದ್ದರು. ಒಂದು ಕೆಂಪು, ಒಂದು ಹಳದಿ, ಒಂದು ಕಂದು. ಮೂರೂ ಬೇರೆ ಬೇರೆ ಕಾಲದವು; ಮೆರುಗು, ಸವೆತ, ಅಂಟಿನ ಗೆರೆ ಯಾವುದೂ ಇನ್ನೊಂದರಂತಿಲ್ಲ. “ಕಾರ್ಖಾನೆಯ ರೂಪ ಕೆಟ್ಟಿದೆ” ಎಂದು ತಲೆಯಾಡಿಸಿ ಅವರು ಮುಂದಕ್ಕೆ ಹೋದರು. ಸಂಗ್ರಹಕಾರರ ಲೆಕ್ಕ ಅದು, ತಪ್ಪೇನಲ್ಲ. ಹೆಸರಾಂತ ಕುಶಲಕರ್ಮಿ ಕೆತ್ತಿದ್ದರೆ ಬೆಲೆ ಏರೀತು; ಹೆಸರಿಲ್ಲದ ಕೈ ಮುಟ್ಟಿದರೆ ಇಳಿಯುತ್ತದೆ.

ನಾನು ಮಾತ್ರ ಆ ಮೂರು ಚಕ್ಕೆಗಳ ಬಳಿಯೇ ಉಳಿದೆ. ನಮ್ಮಮ್ಮ ಅಕ್ಕನ ಲಂಗಕ್ಕೆ ಮೂರು ಮಡಿಕೆ ಹಿಡಿದು ಹೊಲಿಸುತ್ತಿದ್ದಳು. ಅಕ್ಕ ಬೆಳೆದ ಹಾಗೆ ಒಂದೊಂದೇ ಮಡಿಕೆ ಬಿಚ್ಚುವುದು. ಬಿಚ್ಚಿದಲ್ಲಿ ಬಿಸಿಲು ಕಾಣದ ಬಟ್ಟೆಯ ಕಡುಬಣ್ಣದ ಪಟ್ಟೆ. ಇಲ್ಲೂ ಅದೇ ಲೆಕ್ಕವಿರಬೇಕು. ಹುಡುಗನ ತೋಳಿಗೆ ತಕ್ಕಂತೆ ಬುಡವನ್ನು ಮೊದಲು ಗಿಡ್ಡವಾಗಿ ಕೊಯ್ದು, ಅವನು ಉದ್ದವಾದ ಹಾಗೆಲ್ಲ ಒಂದೊಂದು ಚಕ್ಕೆ ಅಂಟಿಸಿದ್ದಾರೆ. ಅಪ್ಪನೋ, ತಾತನೋ, ಪ್ರತಿ ಸಲವೂ ಅಳತೆಗೆಂದು ಅವನನ್ನು ನೆಟ್ಟಗೆ ನಿಲ್ಲಿಸಿರಬೇಕು. ಹರಾಜಿನ ಪಟ್ಟಿ ಕಳೆಯುವುದನ್ನು ನನ್ನ ಮನಸ್ಸು ಕೂಡುತ್ತಾ ಹೋಯಿತು. ಬೆಲೆಗಣ್ಣಿನಂತೆ ಒಲವುಗಣ್ಣು ಅನ್ನುವುದೂ ಒಂದಿದೆಯಲ್ಲ!

ಹೊರಗೆ ಮಳೆ ನಿಂತಿರಲಿಲ್ಲ. ಬಂದೂಕನ್ನು ಎತ್ತಿ ಭುಜಕ್ಕಿಟ್ಟೆ. ಕೆನ್ನೆ ತಾನಾಗಿ ಮರಕ್ಕೆ ಒರಗಿತು, ಬೆರಳು ತಾನಾಗಿ ಕುದುರೆಗೆ ಎಟುಕಿತು. ಒಂದು ಗೆರೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯ ಚಕ್ಕೆಯ ಹೊತ್ತಿಗೆ ಆ ಹುಡುಗ ನನ್ನಷ್ಟು ಬೆಳೆದಿದ್ದ.