ಹೊಸೂರು ರಸ್ತೆಯಿಂದ ಬಳ್ಳಾರಿವರೆಗೆ: ಮನಸ್ಸಿನ ಜಾಡು ಹಿಡಿದು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ನಿಮ್ಹಾನ್ಸ್ ಗೇಟಿನ ಬಳಿ ಬೆಳಗಿನ ಬಸ್ಸುಗಳಿಂದ ಇಳಿಯುವವರನ್ನು ಗಮನಿಸಿದರೆ ಕರ್ನಾಟಕದ ಅರ್ಧ ನಕಾಶೆಯೇ ಕಣ್ಣಿಗೆ ಬೀಳುತ್ತದೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮುಖಗಳು, ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ ಹಳೆಯ ಚೀಟಿಗಳು, ಬುತ್ತಿಯ ಗಂಟು. ಮಗನ ಕೈ ಹಿಡಿದ ತಾಯಿ, ಹೆಂಡತಿಯ ಹಿಂದೆ ತಲೆ ತಗ್ಗಿಸಿ ನಡೆಯುವ ಗಂಡ. ಇವರಲ್ಲಿ ಎಷ್ಟೋ ಮಂದಿ ಊರಿನಲ್ಲಿ ‘ನೆಂಟರ ಮನೆಗೆ ಹೋಗಿ ಬರುತ್ತೇವೆ’ ಎಂದು ಹೇಳಿ ಬಂದವರು.

ಹಾಗೆ ಹೇಳುವುದಕ್ಕೆ ಕಾರಣವಿದೆ. ಶಾಲಾ ಮಕ್ಕಳ ತಮಾಷೆಯಲ್ಲಿ ‘ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂಬ ಮಾತು ಇಂದಿಗೂ ಸವೆದಿಲ್ಲ. ಹುಚ್ಚಾಸ್ಪತ್ರೆ ಎಂಬ ಹಳೆಯ ಹೆಸರಿನ ನೆರಳು ಅಷ್ಟು ಉದ್ದ. 1847ರಲ್ಲಿ ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಾಲಯ ಶುರುವಾಯಿತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. 1930ರ ದಶಕದಲ್ಲಿ ಅದು ಊರಾಚೆಯ ಈಗಿನ ಜಾಗಕ್ಕೆ ಬಂತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. 2012ರ ಕಾಯ್ದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಹೆಸರು ಇಷ್ಟು ಸಲ ಬದಲಾದರೂ ಜನರ ಬಾಯಲ್ಲಿನ ಹೆಸರು ಬದಲಾಗಲು ಇನ್ನೂ ಸಮಯ ಹಿಡಿಯುತ್ತಿದೆ.

ಈ ಆವರಣದಲ್ಲಿ ವಿದ್ಯಾರ್ಥಿಗಳು ನೋಡಲೇಬೇಕಾದ ಒಂದು ಜಾಗ ಮೆದುಳಿನ ವಸ್ತು ಸಂಗ್ರಹಾಲಯ. ನರರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರ ದಶಕಗಳ ಶ್ರಮದ ಫಲ ಇದು. ಗಾಜಿನ ಭರಣಿಗಳಲ್ಲಿ, ದ್ರಾವಣದೊಳಗೆ, ಮನುಷ್ಯರ ಮೆದುಳುಗಳು ಸಾಲಾಗಿ ಕುಳಿತಿವೆ. ಗಡ್ಡೆ ಬೆಳೆದ ಮೆದುಳು, ರಕ್ತನಾಳ ಒಡೆದು ಕಪ್ಪಾದ ಮೆದುಳು, ಲಾಡಿಹುಳುವಿನ ಮರಿಗಳು ಗೂಡು ಕಟ್ಟಿದ ಮೆದುಳು. ಭೇಟಿ ಕೊಡುವ ವಿದ್ಯಾರ್ಥಿಗಳಿಗೆ ನಿಜವಾದ ಮೆದುಳನ್ನು ಮುಟ್ಟಿ ನೋಡುವ ಅವಕಾಶವೂ ಉಂಟು. ಸುಮಾರು 1.4 ಕಿಲೋ ತೂಕದ ಆ ಮುದ್ದೆಯಲ್ಲೇ ಒಬ್ಬರ ಮಗ್ಗಿ, ಮಾತೃಭಾಷೆ, ಮೊದಲ ಮುನಿಸು ಎಲ್ಲವೂ ಇದ್ದವು ಎಂದು ನೆನೆದರೆ ತುಂಟ ಹುಡುಗರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಆದರೆ ಆ ಸಾಲಿನಲ್ಲಿ ‘ಇದು ಖಿನ್ನತೆಯಿಂದ ಬಳಲಿದ ಮೆದುಳು’ ಎಂದು ಬೆರಳು ಮಾಡಿ ತೋರಿಸಬಹುದಾದ ಭರಣಿ ಯಾವುದೂ ಇರಲು ಸಾಧ್ಯವಿಲ್ಲ. ಖಿನ್ನತೆ, ಆತಂಕಗಳು ಬರಿಗಣ್ಣಿಗೆ ಕಾಣುವ ಗುರುತು ಬಿಡುವುದಿಲ್ಲ. ಇಂದಿಗೂ ಅವನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ವೈದ್ಯರು ಮಾತಾಡಿಸಿ, ಕೇಳಿ, ಗಮನಿಸಿಯೇ ಗುರುತಿಸಬೇಕು. ಕೈ ಮುರಿದರೆ ಕಟ್ಟು ಕಾಣುತ್ತದೆ, ಜ್ವರ ಬಂದರೆ ಮೈ ಸುಡುತ್ತದೆ. ಕಾಣದ ಕಾಯಿಲೆಗೆ ಮಾತ್ರ ಮನೆಯವರು ‘ಸೋಮಾರಿತನ’, ‘ನಾಟಕ’, ‘ಕೊಬ್ಬು’ ಎಂದು ಹೆಸರಿಡುತ್ತಾರೆ.

ಕಣ್ಣಿಗೆ ಕಾಣದ್ದನ್ನು ಸೂಕ್ಷ್ಮದರ್ಶಕಕ್ಕೆ ಕಾಣಿಸಿದ ಜಾಗವೊಂದು ಇದೇ ನಗರದ ಇನ್ನೊಂದು ತುದಿಯಲ್ಲಿದೆ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಸಾಗಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಸಿಗುತ್ತದೆ. ಅದರ ಹಸಿರಿನ ನಡುವೆ ಇರುವುದು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್. ಇಲ್ಲಿ ಸುಮಂತ್ರ ಚಟರ್ಜಿ ಮತ್ತು ಅವರ ವಿದ್ಯಾರ್ಥಿಗಳಾದ ಅಜಯ್ ವ್ಯಾಸ್, ರೂಪ್ಶಿ ಮಿತ್ರ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಜೊತೆಗೂಡಿ 2002ರಲ್ಲಿ ಪ್ರಕಟಿಸಿದ ಸಂಶೋಧನೆ ಜಗತ್ತಿನ ನರವಿಜ್ಞಾನಿಗಳ ಗಮನ ಸೆಳೆಯಿತು.

ಪ್ರಯೋಗ ಕೇಳಲು ಸರಳ. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಕೂಡಿಹಾಕಲಾಯಿತು. ಆಮೇಲೆ ಮೆದುಳಿನ ಎರಡು ಭಾಗಗಳನ್ನು ಪರೀಕ್ಷಿಸಲಾಯಿತು. ಒಂದು ಹಿಪೊಕ್ಯಾಂಪಸ್. ಕಡಲಕುದುರೆಯ ಆಕಾರದ ಈ ಭಾಗ ಹೊಸ ನೆನಪುಗಳನ್ನು ಕಟ್ಟುವ ಕಾರ್ಖಾನೆ. ಪರೀಕ್ಷೆಗೆ ಓದುವ ಪ್ರತಿಯೊಬ್ಬರೂ ಇದಕ್ಕೆ ಋಣಿ. ಇನ್ನೊಂದು ಅಮಿಗ್ಡಲಾ. ಬಾದಾಮಿ ಗಾತ್ರದ ಇದು ಅಪಾಯವನ್ನು ಮೂಸಿ ಎಚ್ಚರಿಸುವ ಕಾವಲುಗಾರ. ನರಕೋಶಗಳಿಗೆ ಮರದ ರೆಂಬೆಗಳಂಥ ಕವಲುಗಳಿರುತ್ತವೆ. ಅಕ್ಕಪಕ್ಕದ ಕೋಶಗಳ ಸುದ್ದಿ ಅವುಗಳ ಮೂಲಕವೇ ಒಳಬರಬೇಕು. ಇಟಲಿಯ ಗಾಲ್ಜಿ 1873ರಲ್ಲಿ ಕಂಡುಹಿಡಿದ ಬೆಳ್ಳಿಯ ಬಣ್ಣದ ವಿಧಾನದಿಂದ ಆ ಕವಲುಗಳನ್ನು ಕಪ್ಪಾಗಿಸಿ ಅಳೆದಾಗ ಕಂಡದ್ದು ವಿಚಿತ್ರ ಚಿತ್ರ. ಹಿಪೊಕ್ಯಾಂಪಸ್‌ನಲ್ಲಿ ಕವಲುಗಳು ಕುಗ್ಗಿದ್ದವು. ಅಮಿಗ್ಡಲಾದಲ್ಲಿ ಅವು ಇನ್ನಷ್ಟು ಹಬ್ಬಿದ್ದವು. ಒಂದೇ ಒತ್ತಡ, ಒಂದೇ ಮೆದುಳು, ಎರಡು ವಿರುದ್ಧ ಪರಿಣಾಮ. ನೆನಪಿನ ಮರ ಒಣಗುತ್ತದೆ, ಭಯದ ಮರ ಚಿಗುರುತ್ತದೆ.

2004ರಲ್ಲಿ ಇದೇ ತಂಡದ ಮುಂದಿನ ವರದಿ ಬಂತು. ಒತ್ತಡ ನಿಲ್ಲಿಸಿ ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾದ ಹಬ್ಬಿದ ಕವಲುಗಳು ಹಾಗೇ ಉಳಿದವು, ಇಲಿಗಳ ಆತಂಕವೂ ಉಳಿಯಿತು. 2005ರ ಅಧ್ಯಯನದಲ್ಲಿ ಒಂದೇ ಸಲದ 2 ಗಂಟೆಯ ಒತ್ತಡ ಕೂಡ 10 ದಿನಗಳ ನಂತರ ಅಮಿಗ್ಡಲಾದಲ್ಲಿ ಹೊಸ ಸಂಪರ್ಕದ ಮೊಗ್ಗುಗಳನ್ನು ಮೂಡಿಸಿದ್ದು ಕಂಡುಬಂತು.

ಇಲಿಯ ಮೆದುಳು ಮನುಷ್ಯನ ಮೆದುಳಲ್ಲ ಎಂಬ ಎಚ್ಚರ ಇಲ್ಲಿ ಬೇಕು. ಮೂರು ದಿನದ ಪರೀಕ್ಷೆಯ ದುಗುಡ ಯಾರ ಮೆದುಳನ್ನೂ ಒಣಗಿಸುವುದಿಲ್ಲ. ಅಲ್ಪಕಾಲದ, ಹದವಾದ ಒತ್ತಡ ಗಮನವನ್ನು ಚುರುಕುಗೊಳಿಸುವುದೂ ಉಂಟು. ಆದರೂ ‘ಪರೀಕ್ಷೆ ಮುಗಿಯಿತಲ್ಲ, ಇನ್ನೇನು ಚಿಂತೆ?’ ಎಂದು ಕೇಳುವ ಹಿರಿಯರಿಗೆ ಈ ಇಲಿಗಳು ಒಂದು ಪಾಠ ಹೇಳುತ್ತವೆ. ಒತ್ತಡ ಮುಗಿದ ದಿನವೇ ಭಯ ಮುಗಿಯಬೇಕೆಂದಿಲ್ಲ. ಮಗು ಬೇಕೆಂದೇ ಕೊರಗುತ್ತಿಲ್ಲ.

ಹಾಗಾದರೆ ಮದ್ದು? ಆ ಕಥೆಯ ಒಂದು ಬೇರು ನಮ್ಮ ಕಾಡಿನಲ್ಲೇ ಇದೆ. ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಬಳಸಿದ ಬಗ್ಗೆ ಕಲ್ಕತ್ತಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಟ್ಟಿತು. ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂಬ ವರದಿಗಳು ಬಂದವು. ಅದು ಮೆದುಳಿನ ಸೆರೊಟೋನಿನ್ ಮೊದಲಾದ ರಾಸಾಯನಿಕಗಳನ್ನು ಬರಿದು ಮಾಡುತ್ತದೆಂದು ಗೊತ್ತಾದಾಗ, ಖಿನ್ನತೆಗೂ ಈ ರಾಸಾಯನಿಕಗಳಿಗೂ ನಂಟಿದೆ ಎಂಬ ವಾದ ಹುಟ್ಟಿತು. 1957ರಲ್ಲಿ ಸ್ವಿಸ್ ವೈದ್ಯ ರೋಲಂಡ್ ಕೂನ್ ಇಮಿಪ್ರಮಿನ್ ಎಂಬ ಮದ್ದು ಖಿನ್ನತೆ ಇಳಿಸುವುದನ್ನು ಪ್ರಕಟಿಸಿದರು. 1987ರ ಕೊನೆಗೆ ಅಮೆರಿಕದಲ್ಲಿ ಫ್ಲುಯೊಕ್ಸೆಟಿನ್‌ಗೆ ಅನುಮತಿ ಸಿಕ್ಕಿತು.

‘ಸೆರೊಟೋನಿನ್ ಕಡಿಮೆಯಾಗಿದೆ, ಮಾತ್ರೆ ನುಂಗಿದರೆ ತುಂಬುತ್ತದೆ’ ಎಂಬ ಸರಳ ಲೆಕ್ಕ ಮಾತ್ರ ಇಂದು ನಿಲ್ಲುವುದಿಲ್ಲ. ಮಾತ್ರೆ ಕೆಲವೇ ಗಂಟೆಗಳಲ್ಲಿ ರಾಸಾಯನಿಕವನ್ನು ಮುಟ್ಟುತ್ತದೆ. ಮನಸ್ಸು ಹಗುರವಾಗಲು ವಾರಗಳೇ ಬೇಕು. ನಡುವಿನ ಆ ವಾರಗಳಲ್ಲಿ ನರಕೋಶಗಳು ತಮ್ಮ ಸಂಪರ್ಕಗಳನ್ನು ಮತ್ತೆ ಹೆಣೆಯುತ್ತಿರಬಹುದು ಎಂಬುದು ಸಂಶೋಧಕರ ಬಲವಾದ ಊಹೆ. ‘ನಾಲ್ಕು ದಿನ ನುಂಗಿದೆ, ಗುಣವಾಗಲಿಲ್ಲ’ ಎಂದು ಮಾತ್ರೆ ಬಿಡುವುದು, ತುಸು ಚೇತರಿಸಿದೊಡನೆ ವೈದ್ಯರನ್ನು ಕೇಳದೆ ನಿಲ್ಲಿಸುವುದು ಎರಡೂ ತಪ್ಪಾಗುವುದು ಇದರಿಂದಲೇ. ಎಲ್ಲರಿಗೂ ಮಾತ್ರೆಯೇ ಬೇಕೆಂದೂ ಇಲ್ಲ. ಸೌಮ್ಯ ಸ್ಥಿತಿಯಲ್ಲಿ ಆಪ್ತ ಸಮಾಲೋಚನೆ, ಯೋಚನೆಯ ಜಾಡು ತಿದ್ದುವ ಚಿಕಿತ್ಸೆಗಳೇ ಸಾಕಾಗಬಹುದು. 2000ದಲ್ಲಿ ನಿಮ್ಹಾನ್ಸ್ ವೈದ್ಯರು ತೀವ್ರ ಖಿನ್ನತೆಯ 45 ಮಂದಿಯನ್ನು ಮೂರು ಗುಂಪು ಮಾಡಿ, ವಿದ್ಯುತ್ ಚಿಕಿತ್ಸೆ, ಇಮಿಪ್ರಮಿನ್ ಮತ್ತು ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸವನ್ನು ಹೋಲಿಸಿದರು. ವಿದ್ಯುತ್ ಚಿಕಿತ್ಸೆ ಮುಂದಿತ್ತು. ಉಸಿರಾಟದ ಅಭ್ಯಾಸ ಮಾತ್ರೆಗೆ ಸಮೀಪ ನಿಂತಿತು. ಚಿಕ್ಕ ಅಧ್ಯಯನ, ಆದರೆ ದಾರಿ ಒಂದೇ ಅಲ್ಲ ಎಂದು ತೋರಿಸಿತು.

ದಾರಿಗಳಿದ್ದರೂ ನಡೆಯುವವರು ಕಡಿಮೆ. 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಕಂಡವರು. ಅಂಥವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಹೊಸೂರು ರಸ್ತೆಯ ಗೇಟಿನ ತನಕ ಬಂದವರು ಅದೃಷ್ಟವಂತರೆಂದೇ ಹೇಳಬೇಕು.

ಎಲ್ಲರನ್ನೂ ಆ ಗೇಟಿಗೆ ಕರೆತರುವ ಬದಲು ಚಿಕಿತ್ಸೆಯನ್ನೇ ಊರಿಗೆ ಒಯ್ದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಅದೇ ಬಳ್ಳಾರಿ ರಸ್ತೆಯ ಕೊನೆಯಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸಲು, ಚಿಕಿತ್ಸೆ ಕೊಡಲು ತರಬೇತಿ ನೀಡಿತು. ಜ್ವರಕ್ಕೆ ಮಾತ್ರೆ ಕೊಡುವ ಕೋಣೆಯಲ್ಲೇ ಮನಸ್ಸಿಗೂ ಮಾತ್ರೆ ಸಿಗುವಂತಾಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇನ್ನೂ ಹತ್ತಿರದ್ದು. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿಯೆನ್ನದೆ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ತಂದೆ ತಾಯಂದಿರು ನೆನಪಿಡಬೇಕಾದ್ದು ಇಷ್ಟು. ಎರಡು ವಾರ ಮೀರಿಯೂ ಮಗು ಮಂಕಾಗಿದ್ದರೆ, ಇಷ್ಟದ ಆಟವೂ ಬೇಡವೆಂದರೆ, ನಿದ್ದೆ ಊಟ ಏರುಪೇರಾದರೆ, ಪುಟ ತಿರುವಿದರೂ ತಲೆಗೆ ಹತ್ತುತ್ತಿಲ್ಲವೆಂದರೆ ಬೈಗುಳಕ್ಕೆ ಮೊದಲು ಕಿವಿ ಕೊಡಬೇಕು. ಸಾವಿನ ಮಾತು ಬಂದರಂತೂ ಒಂದು ದಿನವೂ ಕಾಯದೆ, ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಹೋಗಬೇಕು. ಮಕ್ಕಳಿಗೂ ಒಂದು ಮಾತು: ಗೆಳೆಯನೊಬ್ಬ ಮೌನವಾದರೆ ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ನಗುವ ಬದಲು, ‘ಜೊತೆಗೆ ಬರುತ್ತೇನೆ, ನಡಿ’ ಎನ್ನುವುದು ದೊಡ್ಡ ಕೆಲಸ. ಆ ಗೇಟಿನೊಳಗೆ ಹೋದವರಲ್ಲಿ ಬಹುಪಾಲು ಮಂದಿ ಚೀಟಿ, ಮಾತ್ರೆಯೊಂದಿಗೆ ಅಂದೇ ಸಂಜೆಯ ಬಸ್ಸು ಹಿಡಿದು ಮನೆಗೆ ಮರಳುತ್ತಾರೆ.